ಎರಡನೇ ಮಹಡಿಯ ಸಂಬಂಧ

ಮಗಳನ್ನು ಕೊಡುವ ಮನೆ ನೋಡಲು ಬಂದರೆ ಅದು ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಅಕ್ಕಿ ಗಿರಣಿಯ ಧೂಳು ಚಿಕ್ಕಣ್ಣನವರ ಶ್ವಾಸಕೋಶವನ್ನು ಎಂದೋ ತಿಂದುಹಾಕಿತ್ತು.

"ನಿಮ್ಮ ಉಬ್ಬಸ ಗೊತ್ತಾದ್ರೆ ಸಂಬಂಧ ಕೈತಪ್ಪಿ ಹೋಗುತ್ತೆ, ಹುಷಾರು," ಎಂದು ಹೆಂಡತಿ ಪಿಸುಗುಟ್ಟಿದರು.

ಎದುರುಗೊಳ್ಳಲು ಕೆಳಗಿಳಿದು ಬಂದ ಹುಡುಗನ ಅಪ್ಪ ಜೊತೆಯಲ್ಲೇ ಹತ್ತತೊಡಗಿದರು. ಆಸ್ಪತ್ರೆಯಲ್ಲಿ ಎರಡು ತಿಂಗಳು ಉಸಿರಾಟದ ವ್ಯಾಯಾಮ ಮಾಡಿಸಿದ ಮೇಡಂ ಹೇಳಿಕೊಟ್ಟಿದ್ದನ್ನು ಚಿಕ್ಕಣ್ಣ ಮನಸ್ಸಿನಲ್ಲೇ ಜಪಿಸಿದರು: ಮಲ್ಲಿಗೆ ಮೂಸಿ, ಕಾಫಿ ಊದಿ. ಮೂಗಿನಿಂದ ಎಳೆದು, ತುಟಿ ಚೂಪು ಮಾಡಿ ಮೆಲ್ಲಗೆ ಬಿಟ್ಟರು.

ಇಪ್ಪತ್ತನೇ ಮೆಟ್ಟಿಲಿಗೆ ಎದೆ ಬಿಗಿಯಿತು. ಚಪ್ಪಲಿ ಸರಿಮಾಡುವ ನೆಪದಲ್ಲಿ ಬಗ್ಗಿ ನಿಂತರು.

ಹುಡುಗನ ಅಪ್ಪನೂ ನಿಂತು ಅವರನ್ನೇ ನೋಡಿದರು. ಹೆಂಡತಿಯ ಮುಖ ಬಿಳಿಚಿಕೊಂಡಿತು.

"ಅವಸರ ಬೇಡ ಬೀಗ್ರೇ," ಎಂದು ಹುಡುಗನ ಅಪ್ಪ ತಾವೇ ಏದುಸಿರು ಬಿಡುತ್ತಾ ಕಂಬಿಗೆ ಒರಗಿದರು. "ಮಲ್ಲಿಗೆ ಮೂಸಿ, ಕಾಫಿ ಊದಿ."