ಹಿತ್ತಿಲಿನ ಪಿಂಗಾಣಿ ಕಪ್ಪು

ಜಾತಿ ಬೇರೆಯಾದರೂ ತನ್ನನ್ನು ಮನೆ ತುಂಬಿಸಿಕೊಂಡ ಅತ್ತೆಗೆ ಏನಾದರೂ ಚಂದದ್ದು ಮಾಡಿಕೊಡಬೇಕು ಅಂತ ಸಿಂಚನಾಳ ಕೈ ತುರಿಸುತ್ತಿತ್ತು. ಹಿತ್ತಿಲ ಗೋಡೆಯ ಗೂಡಿನಲ್ಲಿ ಬೋರಲಾಗಿದ್ದ ಹಳೇ ಪಿಂಗಾಣಿ ಕಪ್ಪಿಗೆ ಹಳದಿ ಬಣ್ಣ ಬಳಿದು, ಮಣ್ಣು ತುಂಬಿ, ದೊಡ್ಡಪತ್ರೆಯ ಕುಡಿ ನೆಟ್ಟು, ಅಡುಗೆಮನೆಯ ಕಿಟಕಿಯಲ್ಲಿಟ್ಟಳು.

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. "ಅದನ್ನ ಯಾಕೆ ಒಳಗೆ ತಂದೆ?"

"ಚೆನ್ನಾಗಿಲ್ವಾ ಅತ್ತೆ? ಮದುಮಗಳ ಥರ ಕಾಣ್ತಿದೆ ನೋಡಿ!"

"ನಿಮ್ಮ ಮಾವ ನೋಡೋಕ್ ಮುಂಚೆ ತೆಗಿ. ಅದು ಹೊರಗಿನೋರಿಗೆ ಟೀ ಕೊಡೋ ಕಪ್ಪು."

"ಹೊರಗಿನೋರು ಅಂದ್ರೆ?"

"ಚರಂಡಿ ತೆಗೆಯೋಕೆ ಬರ್ತಾರಲ್ಲ, ಅಂಥೋರು."

ಸಿಂಚನಾಳ ನಗು ತುಟಿಯಲ್ಲೇ ಆರಿತು. "ಅವರಿಗೂ ನಮ್ ಲೋಟದಲ್ಲೇ ಕೊಟ್ರೆ ಏನಾಗುತ್ತೆ ಅತ್ತೆ?"

ಅತ್ತೆ ಕಪ್ಪನ್ನು ಮುಟ್ಟದೆ, ದೂರದಿಂದಲೇ ಬೆರಳು ತೋರಿಸಿದರು. "ಗಿಡ ಕಿತ್ತು, ಬಣ್ಣ ಹೋಗೋ ಹಾಗೆ ತಿಕ್ಕಿ ತೊಳೆದು, ಇದ್ದಲ್ಲೇ ಇಡು. ನಾಳೆ ಬೇಕು."

"ನಾಳೆ ಯಾರು ಬರ್ತಾರೆ?"

ಅತ್ತೆಯ ದನಿ ಬೆಣ್ಣೆಯಷ್ಟು ಮೆತ್ತಗಾಯಿತು. "ಈಗಷ್ಟೇ ಫೋನ್ ಮಾಡಿದ್ರು ಕಣಮ್ಮ, ನಿಮ್ಮಪ್ಪ ಬರ್ತಾರಂತೆ."