ಅಡುಗೆಮನೆಯ ಗೋಡೆ ಹೇಳಿದ್ದು

"ನಾಕನೇ ಇಯತ್ತೆ ನಪಾಸಾದ ಮಗನ, ನೀ ನನ್ನ ಮನಿ ಗ್ವಾಡಿ ಕೇಳಾಕ ಬಂದೀಯೇನಲೇ?" ಎಂದು ಬಸಲಿಂಗ ಜರೆದಾಗ, ನಳದ ಮುಂದಿದ್ದ ಓಣಿಯೆಲ್ಲ ಯಮನೂರನನ್ನು ನೋಡಿ ನಕ್ಕಿತು.

ಗೋಡೆಗಳು ಹೊಡೆತದ ಸದ್ದನ್ನು ಹಿಡಿದಿಡತೊಡಗಿದ ಮೇಲೆ, ಅದನ್ನು ಕೇಳುವ ಕೆಲಸಕ್ಕೆ ಪುರಸಭೆ ಯಮನೂರನನ್ನು ಇಟ್ಟುಕೊಂಡಿತ್ತು. ಅಂದಿನಿಂದ ಯಾರೂ ಅವನ ಜೊತೆ ಚಹಾ ಕುಡಿಯುತ್ತಿರಲಿಲ್ಲ.

ಯಮನೂರ ಒಳಹೋಗಿ ಬಸಲಿಂಗನ ಅಡುಗೆಮನೆಯ ಗೋಡೆಗೆ ಕಿವಿಯಿಟ್ಟ. ಹೋದ ತಿಂಗಳು ಕಪಾಳಕ್ಕೆ ಬಿದ್ದ ಸದ್ದಿತ್ತು. ಈ ಸಲ ಕತ್ತು ಹಿಸುಕಿದ ಗೊರಗೊರ. ಕತ್ತಿಗೆ ಕೈ ಹೋದ ಮನೆಯಿಂದ ಮುಂದೆ ಹೆಣವೇ ಹೊರಡುವುದೆಂದು ಅವನು ಬಲ್ಲ.

"ಅಕ್ಕಾ, ಅಂವ ಮಿಲ್ಲಿಗೆ ಹೋದಕೂಡ್ಲೆ ಗಾಡಿ ತರತೀನಿ. ಬರ್ತೀರೇನು?" ಎಂದು ಪಿಸುಗುಟ್ಟಿದ. ಬಸಲಿಂಗನ ಹೆಂಡತಿ ನೀಲವ್ವ ಒಲೆಯಿಂದ ಮುಖ ತಿರುಗಿಸದೆ ಹೂಂ ಎಂದಳು.

ಹೊರಬಂದಾಗ ಬಸಲಿಂಗ ಅಡ್ಡ ನಿಂತ. "ಏನಂತಲೇ ಗ್ವಾಡಿ? ಬಾಯಾಗ ಕಡಬು ತುರುಕ್ಕೊಂಡೀಯೇನು?"

ಬಾಯಿ ಬಿಟ್ಟರೆ ಗಾಡಿ ಬರುವವರೆಗೆ ನೀಲವ್ವ ಉಳಿಯುವುದಿಲ್ಲ. ಯಮನೂರ ನಗುವವರ ನಡುವೆಯೇ ಸುಮ್ಮನೆ ನಡೆದುಹೋದ.