ಡೆಸ್ಟ್ರಾಯರ್ ಹತ್ತಿದ ಅಜ್ಜಿ

ಡ್ಯಾಂಡಿನಾಂಗ್‌ನ ನಮ್ಮ ಈಗಿನ ಮನೆಯಲ್ಲಿ ಹಿತ್ತಾಳೆಯ ದೀಪಕ್ಕೆ ಪಾಲಿಶ್ ಹಚ್ಚಿ ಉಜ್ಜುವಾಗಲೆಲ್ಲ ನನಗೆ ಆ ಹಡಗಿನ ವಾಸನೆ ಬರುತ್ತದೆ.

ನಾನು ಶಾಲೆಗೆ ಹೋಗುತ್ತಿದ್ದಾಗ ನಾವು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿದ್ದೆವು. ಮಲ್ಪೆಯಿಂದ ಅಜ್ಜಿ ಬಂದಿದ್ದರು. ನಾನು ಹುಟ್ಟುವ ಮೊದಲೇ ಮೀನು ಹಿಡಿಯಲು ಕಡಲಿಗೆ ಹೋದ ಅಜ್ಜ ತಿರುಗಿ ಬಂದಿರಲಿಲ್ಲ. ಅವರ ಫೋಟೋವನ್ನು ಅಜ್ಜಿ ಸೀರೆಗಳ ನಡುವೆ ಇಟ್ಟು ತಂದಿದ್ದರು. ಅದಕ್ಕೆ ಹಾರ ಹಾಕಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ನಮ್ಮನ್ನು ಬಂದರಿಗೆ ಕರೆದೊಯ್ದರು. ಅಲ್ಲಿ ಹಳೆಯ ಯುದ್ಧನೌಕೆಯೊಂದನ್ನು, ಡೆಸ್ಟ್ರಾಯರನ್ನು, ಜನ ನೋಡಲೆಂದು ನಿಲ್ಲಿಸಿದ್ದರು. ದೋಣಿ ಹತ್ತುವಾಗಿನ ರೂಢಿಯಂತೆ ಅಜ್ಜಿ ಚಪ್ಪಲಿ ಕೆಳಗೇ ಬಿಟ್ಟು, ಕಾದ ಕಬ್ಬಿಣದ ಮೇಲೆ ಬರಿಗಾಲಲ್ಲಿ ನಡೆದರು. ಯುದ್ಧದಲ್ಲಿ ಅದೇ ಹಡಗಿನಲ್ಲಿದ್ದ ಮುದುಕರೊಬ್ಬರು ಹಿತ್ತಾಳೆಯ ಗಂಟೆ ಉಜ್ಜುತ್ತಾ ಫಿರಂಗಿಗಳ ಕಥೆ ಹೇಳುತ್ತಿದ್ದರು. ಗುಂಡು ಎಷ್ಟು ದೂರ ಹಾರುತ್ತಿತ್ತು ಎಂಬುದು ನನ್ನ ಕುತೂಹಲ. ಅಜ್ಜಿಯದು ಬೇರೆ.

“ನೀರಿಗೆ ಬಿದ್ದವರನ್ನು ಹುಡುಕಿದ್ರಾ? ಕೇಳು ಮಗಾ.”

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಮುದುಕರ ಕೈ ನಿಂತಿತು. ಮುಳುಗಿದ ಜೊತೆ ಹಡಗಿನವರನ್ನು ಬೆಳಗಿನಿಂದ ಕತ್ತಲಾಗುವವರೆಗೂ ಹುಡುಕಿದೆವು, ಕೆಲವರು ಸಿಕ್ಕರು, ನನ್ನ ಗೆಳೆಯ ಸಿಗಲಿಲ್ಲ ಎಂದರು.

“ಇಷ್ಟು ದೊಡ್ಡ ಹಡಗಿಗೂ ಸಿಗ್ಲಿಲ್ಲವಾ?” ಅಜ್ಜಿ ನನ್ನಿಂದ ಇನ್ನೊಮ್ಮೆ ಕೇಳಿಸಿದರು.

ಇಲ್ಲವೆಂದರು.

ಮರಳುವ ರೈಲಿನಲ್ಲಿ ಪ್ಯಾರಮಟ್ಟಾ ನಿಲ್ದಾಣ ಬಂದಾಗ ಅಜ್ಜಿ ಅಪ್ಪನ ತೋಳು ಮುಟ್ಟಿದರು.

“ಇಲ್ಲಿ ಹೂವಿನ ಹಾರ ಸಿಗ್ತದಾ? ನಿನ್ನ ಅಪ್ಪನ ಫೋಟೋಗೆ ಬೇಕು.”